ತೋಟದಲ್ಲಿ ಸಿಕ್ಕ ಚಿಪ್ಪು, ಅರಿಯಲೂರಿನ ಸಮುದ್ರ

ಪ್ರಶ್ನೆ: ಸರ್, ನಮ್ಮದು ಚಿಕ್ಕಮಗಳೂರು. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ಮಗಳು ಏಳನೇ ಕ್ಲಾಸು. ಒಂದು ವರ್ಷದಿಂದ ಅವಳಿಗೆ ಫಾಸಿಲ್ (ಪಳೆಯುಳಿಕೆ) ಹುಚ್ಚು. ತೋಟದ ಹಳೇ ಮನೆ ಹಿಂದೆ ಗುಂಡಿ ತೆಗೆಸುವಾಗ ಎರಡಡಿ ಆಳದಲ್ಲಿ ಗೆರೆಗೆರೆಯ ಬಿಳಿ ಚಿಪ್ಪುಗಳು ಸಿಕ್ಕವು. ಹೇಮಾವತಿ ದಂಡೆಯಲ್ಲಿ ಜರೀಗಿಡದ ಎಲೆ ಅಚ್ಚೊತ್ತಿದಂಥ ಕಲ್ಲು, ಬಾಬಾಬುಡನ್‌ಗಿರಿ ರಸ್ತೆ ಬದಿಯಲ್ಲಿ ಕೆಂಪು-ಕಪ್ಪು ಪಟ್ಟೆಯ ಕಲ್ಲು ಸಿಕ್ಕಿವೆ. ‘ಇಲ್ಲೆಲ್ಲ ಹಿಂದೆ ಸಮುದ್ರ ಇತ್ತು, ಅದಕ್ಕೇ’ ಅಂತ ನಮ್ಮ ಭಾವ ಹೇಳುತ್ತಾರೆ. ನಿಜವಾ? ಜನವರಿಯಲ್ಲಿ ಕಾರಲ್ಲೇ ತಮಿಳುನಾಡಿನ ಅರಿಯಲೂರಿಗೆ ಹೋಗಿ ಸಮುದ್ರದ ಫಾಸಿಲ್ ಹೆಕ್ಕಿಕೊಂಡು ಬರೋಣ ಅಂತ ಇದ್ದೇವೆ. ಇದು ಕಾನೂನಿಗೆ ವಿರುದ್ಧವಾ? ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರಾ? ಕ್ವಾರಿಗೆ ಮಗಳನ್ನು ಕರೆದುಕೊಂಡು ಹೋಗಬಹುದಾ? ಸುತ್ತಿಗೆ ಬೇಕಾ? ಇಷ್ಟೆಲ್ಲ ಯಾಕೆ, ಆನ್‌ಲೈನಲ್ಲಿ ಕೊಂಡುಬಿಡಿ ಅನ್ನುವವರೂ ಇದ್ದಾರೆ. ಇನ್ನು ನಮ್ಮ ಅಮ್ಮನ ತಕರಾರೇ ಬೇರೆ. ಸುರುಳಿ ಇರುವ ಕಲ್ಲು ಅಂದರೆ ಸಾಲಿಗ್ರಾಮ, ಅದನ್ನು ತಂದು ಶೋಕೇಸಲ್ಲಿ ಇಡುವ ಹಾಗಿಲ್ಲ ಅಂತಾರೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರ ಓದಿದೆ, ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಪ್ರಶ್ನೆಗಳು ಎಂಟು ಹತ್ತಿದ್ದರೂ ಆತಂಕ ಎರಡೇ ಅನ್ನಿಸಿತು. ಮನೆಯಲ್ಲಿ ಈಗಾಗಲೇ ಇರುವುದು ಫಾಸಿಲ್ ಹೌದೋ ಅಲ್ಲವೋ ಎನ್ನುವುದು ಒಂದು. ಅಷ್ಟು ದೂರ ಹೋಗಿ ಕಲ್ಲು ಹೆಕ್ಕುವುದರಲ್ಲಿ ತಪ್ಪೋ ಅಪಾಯವೋ ಇದೆಯಾ ಎನ್ನುವುದು ಇನ್ನೊಂದು. ನಾನು ಹಾಸನದಲ್ಲಿ ಕಾಲೇಜು ಹುಡುಗರಿಗೆ ಭೂವಿಜ್ಞಾನ ಪಾಠ ಮಾಡಿದವನು. ಅರಿಯಲೂರಿಗೆ ಹುಡುಗರನ್ನು ಬಸ್ಸಲ್ಲಿ ತುಂಬಿಕೊಂಡು ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಚಿಪ್ಪು. ಫೋಟೋ ನೋಡಿದ ಕೂಡಲೇ ಗುರುತು ಸಿಕ್ಕಿತು. ಮಂಗಳೂರು ಕಡೆ ಮರುವಾಯಿ ಸುಕ್ಕ ಮಾಡುತ್ತಾರಲ್ಲ, ಆ ಜಾತಿಯದ್ದು. ಅದು ನಿಮ್ಮ ತೋಟಕ್ಕೆ ಬಂದದ್ದು ಸಮುದ್ರದಿಂದಲೇ. ಆದರೆ ಸಮುದ್ರದ ಜೊತೆ ಬಂದದ್ದಲ್ಲ, ಗೋಣಿಚೀಲದಲ್ಲಿ ಘಟ್ಟ ಹತ್ತಿ ಬಂದದ್ದು. ಸಿಮೆಂಟು ಬರುವ ಮುಂಚೆ ಮಲೆನಾಡಿನ ಮನೆಗಳಿಗೆ ಕರಾವಳಿಯ ಚಿಪ್ಪಿನ ಸುಣ್ಣ ಬೇಕಿತ್ತು. ಗೋಡೆಗೂ ಅದೇ, ಎಲೆ ಅಡಿಕೆಗೂ ಅದೇ. ಚಿಪ್ಪನ್ನು ಗೂಡಿನಲ್ಲಿ ಸುಟ್ಟು ನೀರು ಹಾಕಿದರೆ ಅರಳಿ ಪುಡಿಯಾಗುತ್ತದೆ. ಸರಿಯಾಗಿ ಸುಡದ ಚಿಪ್ಪು ಅರಳುವುದಿಲ್ಲ. ಅದನ್ನು ಆರಿಸಿ ಹಿತ್ತಿಲಿಗೆ ಎಸೆಯುತ್ತಿದ್ದರು. ನಿಮ್ಮ ಮಗಳ ಕೈಗೆ ಸಿಕ್ಕಿರುವುದು ಆ ಹಿತ್ತಿಲಿನ ಕಸ. ಒಂದು ಚಿಪ್ಪಿನ ಅಂಚು ಬೂದಿ ಬಣ್ಣಕ್ಕೆ ತಿರುಗಿದೆ ನೋಡಿ, ಅದು ಬೆಂಕಿ ತಾಗಿದ ಗುರುತು. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡ ಅಂತ ಅವಳಿಗೆ ಹೇಳಿ. ಮನೆ ಕಟ್ಟಿದ ಕಾಲದ ಸಾಕ್ಷಿ ಅದು, ಎತ್ತಿಡಲಿ.

ಜರೀಗಿಡದ ಕಲ್ಲು ಜಾಸ್ತಿ ಜನರನ್ನು ಏಮಾರಿಸುವ ಕಲ್ಲು. ನನ್ನ ಹತ್ತಿರ ಅದನ್ನು ಕರ್ಚೀಫಲ್ಲಿ ಸುತ್ತಿಕೊಂಡು ಬಂದವರು ಕಡಿಮೆಯೇನಲ್ಲ. ಅದು ಎಲೆಯಲ್ಲ. ಕಲ್ಲಿನ ಸಣ್ಣ ಬಿರುಕಿನೊಳಗೆ ಮ್ಯಾಂಗನೀಸ್ ಕರಗಿದ ನೀರು ಇಳಿಯುತ್ತದೆ. ನೀರು ಆರಿದ ಮೇಲೆ ಕಪ್ಪು ಮ್ಯಾಂಗನೀಸ್ ಕವಲು ಕವಲಾಗಿ ಉಳಿಯುತ್ತದೆ. ಬಿಳಿ ಪಂಚೆಯ ಮೇಲೆ ಶಾಯಿ ಚೆಲ್ಲಿದರೆ ದಾರದ ಗುಂಟ ಹರಡುವುದಿಲ್ಲವಾ, ಹೆಚ್ಚುಕಮ್ಮಿ ಹಾಗೆ. ಪರೀಕ್ಷೆ ಮಾಡಬೇಕಾ? ಭೂತಗನ್ನಡಿ ಹಿಡಿದು ನೋಡಿ. ನಿಜವಾದ ಎಲೆಗೆ ನಡುವೆ ದಂಟು, ನರ ಇರುತ್ತದೆ. ಇದಕ್ಕೆ ಬರೀ ಕವಲು.

ಪಟ್ಟೆ ಕಲ್ಲು ಮಾತ್ರ ಚಿಪ್ಪಿಗಿಂತ ದೊಡ್ಡ ಆಸ್ತಿ. ಫ್ರಿಜ್ಜಿನ ಮೇಲಿರುವ ಅಯಸ್ಕಾಂತ ತಂದು ಕಪ್ಪು ಪಟ್ಟೆಗೆ ಹಿಡಿಯಿರಿ, ಎಳೆದರೂ ಎಳೆಯಬಹುದು. ಕಬ್ಬಿಣ ಮತ್ತು ಬೆಣಚು ಪದರ ಪದರವಾಗಿ ಕೂತ ಕಲ್ಲು ಅದು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು, ಕುದುರೆಮುಖದಲ್ಲಿ ಗಣಿ ನಡೆದದ್ದು, ಎಲ್ಲದರ ಹಿಂದೆ ಇರುವುದು ಇಂಥ ಪಟ್ಟೆ ಕಲ್ಲೇ. ಈ ಪದರಗಳು ಕೂತದ್ದು ಎಲ್ಲಿ ಗೊತ್ತಾ? ಸಮುದ್ರದ ತಳದಲ್ಲಿ. ನೀರಿನಲ್ಲಿ ಕರಗಿದ್ದ ಕಬ್ಬಿಣ ಕೆಳಗಿಳಿದು ಕೂತು ಆದದ್ದು.

ಅಂದರೆ ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಇಲ್ಲಿ ಸಮುದ್ರ ಇತ್ತು. ಚಿಪ್ಪು ಇರಲಿಲ್ಲ. ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಯೇ ಆಗ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಬಾಬಾಬುಡನ್ ಬೆಟ್ಟಸಾಲಿನ ಕಲ್ಲುಗಳಿಗೆ 270ರಿಂದ 290 ಕೋಟಿ ವರ್ಷ. ಹೇಮಾವತಿ ಅಣೆಕಟ್ಟು ಇರುವ ಗೊರೂರಿನ, ನೈಸ್ ಅನ್ನುವ ಜಾತಿಯ ಕಲ್ಲಿಗೆ ಸುಮಾರು 330 ಕೋಟಿ. ಗಟ್ಟಿ ಚಿಪ್ಪಿನ ಪ್ರಾಣಿಗಳು ಧಾರಾಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಅದಕ್ಕಿಂತ ಮೊದಲು ಇದ್ದದ್ದು ಹೆಚ್ಚಾಗಿ ಕಣ್ಣಿಗೆ ಕಾಣದ ಜೀವಿಗಳು. ಅವು ಪದರ ಪದರವಾಗಿ ಕಟ್ಟಿದ ದಿಬ್ಬಗಳ ಗುರುತು ಚಿತ್ರದುರ್ಗ, ಬಾಗಲಕೋಟೆ ಕಡೆಯ ಕಲ್ಲುಗಳಲ್ಲಿ ಇದೆ, ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ಚಿಪ್ಪು, ಶಂಖ, ಸುರುಳಿ ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೇಲೂರಿನಲ್ಲಿ ಒಂದು ಶಂಖ ಇದೆ, ನಿಜ. ಅದು ಚೆನ್ನಕೇಶವನ ಕೈಯಲ್ಲಿದೆ.

ಕೋಟಿಗಟ್ಟಲೆ ವರ್ಷ ಮಕ್ಕಳ ತಲೆಗೆ ಹೋಗುವುದಿಲ್ಲ. ದೊಡ್ಡವರ ತಲೆಗೂ ಅಷ್ಟೇ. ನಿಮಗೆ ಹೇಗೂ ರಸ್ತೆ ಪ್ರಯಾಣ ಇದೆಯಲ್ಲ, ಅದನ್ನೇ ಆಟ ಮಾಡಿ. ಚಿಕ್ಕಮಗಳೂರಿನಿಂದ ಹಾಸನ, ಬೆಂಗಳೂರು, ಸೇಲಂ, ಆತ್ತೂರು, ಪೆರಂಬಲೂರು ಹಾದು ಅರಿಯಲೂರಿಗೆ ಹೆಚ್ಚುಕಮ್ಮಿ 600 ಕಿ.ಮೀ. ಮನೆ ಬಿಡುವಾಗ 330 ಕೋಟಿ ವರ್ಷ ಹಿಂದೆ ಇದ್ದೇವೆ ಅಂತ ಇಟ್ಟುಕೊಳ್ಳಿ. ಒಂದು ಕಿ.ಮೀ. ಅಂದರೆ 55 ಲಕ್ಷ ವರ್ಷ. ಹಾಸನ ದಾಟಿದಿರಿ, ಚಿಪ್ಪಿಲ್ಲ. ಬೆಂಗಳೂರು ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿರಿ, ಚಿಪ್ಪಿಲ್ಲ. ಸೇಲಂನಲ್ಲಿ ಊಟ ಮುಗಿಸಿದಿರಿ, ಆಗಲೂ ಇಲ್ಲ. ಆತ್ತೂರಿನ ಆಸುಪಾಸಿನಲ್ಲಿ, ಇನ್ನು ನೂರು ಕಿ.ಮೀ. ಇದೆ ಅನ್ನುವಾಗ, ಮೊದಲ ಚಿಪ್ಪುಗಳು. ನೀವು ನೋಡಲು ಹೊರಟಿರುವ ಅರಿಯಲೂರಿನ ಪ್ರಾಣಿಗಳು ಬದುಕಿದ್ದು ಪೆರಂಬಲೂರು ದಾಟಿದ ಮೇಲಿನ ಕೊನೆಯ ಇಪ್ಪತ್ತು ಕಿ.ಮೀ.ನಲ್ಲಿ. ಮನುಷ್ಯರ ಪಾಲಿಗೆ ಬರುವುದು ಗಾಡಿ ನಿಲ್ಲಿಸುವ ಜಾಗಕ್ಕಿಂತ ಸ್ವಲ್ಪ ಹಿಂದಿನ ಐವತ್ತು ಅರವತ್ತು ಮೀಟರ್.

ಅರಿಯಲೂರಿಗೆ ಸಮುದ್ರ ಹೇಗೆ ಬಂತು? ಒಂದು ಕಾಲದಲ್ಲಿ ನಮ್ಮ ಪೂರ್ವ ಕರಾವಳಿಗೆ ಅಂಟಿಕೊಂಡು ಅಂಟಾರ್ಕ್ಟಿಕಾ ಇತ್ತು. ಎರಡೂ ಬೇರೆಯಾಗುವಾಗ ಅಂಚು ಕುಸಿದು ತಗ್ಗುಗಳಾದವು. ಕ್ರಿಟೇಷಿಯಸ್ ಅನ್ನುವ ಆ ಕಾಲದಲ್ಲಿ ಇಡೀ ಭೂಮಿಯಲ್ಲೇ ಸಮುದ್ರದ ಮಟ್ಟ ಈಗಿಗಿಂತ ಮೇಲಿತ್ತು. ಸುಮಾರು 11 ಕೋಟಿ ವರ್ಷದ ಹಿಂದಿನಿಂದ 6.6 ಕೋಟಿ ವರ್ಷದವರೆಗೆ ನೀರು ಅಲ್ಲಿ ಏರಿ ಇಳಿದು ಮಾಡಿತು. ಪಕ್ಕದ ಗಟ್ಟಿ ನೆಲ ಸವೆದು, ಮರಳಾಗಿ ಜೇಡಿಯಾಗಿ ಹೋಗಿ ಆ ಸಮುದ್ರದ ತಳದಲ್ಲಿ ಕೂತಿತು. ನಮ್ಮ ಹಾಸನದ ಕಲ್ಲಿನ ನೆಂಟರೇ ಅವು. ಚಿಪ್ಪು ಕೊಡದಿದ್ದರೂ ಚಿಪ್ಪನ್ನು ಹೂಳಲು ಮಣ್ಣು ಕೊಟ್ಟ ಜಾತಿ ನಮ್ಮದು.

ಇದು ಹೊಸದಾಗಿ ಕಂಡುಹಿಡಿದ ಜಾಗವಲ್ಲ. 1840ರ ದಶಕದಲ್ಲೇ ಇಲ್ಲಿನ ಚಿಪ್ಪುಗಳು ಲಂಡನ್ ತಲುಪಿದ್ದವು. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ಲಾನ್‌ಫರ್ಡ್ ನೆಲದ ನಕ್ಷೆ ಮಾಡಿದರು, ಸ್ಟೊಲಿಚ್ಕಾ ಕೂತು ಒಂದೊಂದೇ ಪ್ರಾಣಿಯನ್ನು ವಿವರಿಸಿದರು. ದಕ್ಷಿಣ ಭಾರತದಲ್ಲಿ ಭೂವಿಜ್ಞಾನ ಓದಿದವರು ಇಲ್ಲಿಗೆ ಹೋಗದೆ ಪಾಸಾಗುವುದು ಅಪರೂಪ.

ಇನ್ನು ಎಲ್ಲಿಗೆ ಹೋಗಬೇಕು. ಮಗಳ ಜೊತೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಕಾರೈ. ಪೆರಂಬಲೂರಿನಿಂದ ದೂರವಿಲ್ಲ. ಹಳ್ಳಿ ದಾಟಿದ ಮೇಲೆ ಒಂದು ಗಿಡವೂ ಇಲ್ಲದ, ಮಳೆ ಕೊರೆದು ಕೊರೆದು ಸಾವಿರಾರು ಕೊರಕಲು ಮಾಡಿದ ಜೇಡಿ ನೆಲ ಬರುತ್ತದೆ. ನಮ್ಮ ಹಸಿರು ಕಣ್ಣಿಗೆ ಬೇರೆ ಗ್ರಹಕ್ಕೆ ಬಂದ ಹಾಗೆ ಆಗುತ್ತದೆ. ನೆಲದ ತುಂಬ ಜಿಪ್ಸಮ್ ಚೂರುಗಳು ಒಡೆದ ಗಾಜಿನ ಥರ ಹೊಳೆಯುತ್ತವೆ. ನನ್ನ ವಿದ್ಯಾರ್ಥಿಗಳು ಪ್ರತಿ ಸಲ ಮೊದಲು ಎತ್ತಿಕೊಳ್ಳುತ್ತಿದ್ದದ್ದು ಅದನ್ನೇ. ಎತ್ತಿಕೊಳ್ಳಲಿ, ಆಸೆ ತೀರಲಿ. ಆಮೇಲೆ ಮಂಡಿಯೂರಿ ಕೂತು ನೋಡಲು ಹೇಳಿ. ನಿಂತುಕೊಂಡು ನೋಡಿದರೆ ಮಣ್ಣು ಕಾಣುತ್ತದೆ, ಕೂತು ನೋಡಿದರೆ ಫಾಸಿಲ್ ಕಾಣುತ್ತದೆ. ಕಂದು ಬಣ್ಣದ, ಬಂದೂಕಿನ ತೋಟಾದ ಹಾಗೆ ಚೂಪಾದ ತುಂಡು ಸಿಕ್ಕರೆ ಅದು ಬೆಲೆಮ್ನೈಟ್. ಕರಾವಳಿಯಲ್ಲಿ ಬೊಂಡಾಸ್ ಅನ್ನುತ್ತಾರಲ್ಲ, ಅದರ ಹಳೇ ನೆಂಟನ ಮೈಯೊಳಗಿನ ಗಟ್ಟಿ ಭಾಗ. ಸುರುಳಿಯ ಚೂರು ಸಿಕ್ಕರೆ ಅಮೊನೈಟ್, ಸುರುಳಿ ಚಿಪ್ಪಿನ ಹಳೇ ಸಮುದ್ರ ಪ್ರಾಣಿ. ಇಡೀ ಸುರುಳಿ ಸಿಗುವುದು ಅಪರೂಪ, ಬಾಳೆಕಾಯಿ ಹೋಳಿನಂಥ ತುಂಡೇ ಹೆಚ್ಚು. ಅದೃಷ್ಟ ಇದ್ದರೆ ಸಣ್ಣ ಶಾರ್ಕ್ ಹಲ್ಲೂ ಕಾಣಬಹುದು.

ಅಮೊನೈಟ್ ಬಗ್ಗೆ ಒಂದು ಮಾತು ಮಗಳಿಗೆ ಮೊದಲೇ ಹೇಳಿಡಿ. ಕೈಗೆ ಬರುವುದು ಬಹಳ ಸಲ ಚಿಪ್ಪೇ ಅಲ್ಲ. ಪ್ರಾಣಿ ಸತ್ತ ಮೇಲೆ ಖಾಲಿ ಚಿಪ್ಪಿನೊಳಗೆ ಕೆಸರು ಹೊಕ್ಕಿತು. ಕೆಸರು ಕಲ್ಲಾಯಿತು. ಚಿಪ್ಪು ಕರಗಿಹೋಯಿತು. ಆಲೆಮನೆಯಲ್ಲಿ ಅಚ್ಚಿಗೆ ಹುಯ್ದ ಬೆಲ್ಲ ಅಚ್ಚಿನ ಆಕಾರ ಹೊತ್ತು ಈಚೆ ಬರುತ್ತದಲ್ಲ, ಹಾಗೆ. ಈಗ ಉಳಿದಿರುವುದು ಬೆಲ್ಲ, ಅಚ್ಚಲ್ಲ. ಸಿಂಪಿಯ ಕಥೆ ಬೇರೆ. ಅದರ ಚಿಪ್ಪು ಕ್ಯಾಲ್ಸೈಟ್, ಸುಲಭಕ್ಕೆ ಕರಗುವುದಿಲ್ಲ. ಅಮೊನೈಟಿನದು ಅರಗೊನೈಟ್, ಸುಣ್ಣದ ಅಂಶ ಅದೇ ಆದರೂ ಬೇಗ ಕರಗುವ ಜಾತಿ. ಅದಕ್ಕೇ ಅರಿಯಲೂರಿನ ಕಲ್ಲಂಕುರಿಚ್ಚಿ ಸುಣ್ಣಕಲ್ಲಿನಲ್ಲಿ ಗ್ರೈಫಿಯಾ ಅನ್ನುವ ದಪ್ಪ, ಬಾಗಿದ ಸಿಂಪಿಗಳು ನಿನ್ನೆ ಸತ್ತವೇನೋ ಅನ್ನುವಷ್ಟು ಗಟ್ಟಿಮುಟ್ಟಾಗಿ ಸಾಲು ಸಾಲಾಗಿ ಮಲಗಿವೆ. ನಮ್ಮ ಮನೆ ತಾರಸಿಗೆ ಹಾಕಿದ ಸಿಮೆಂಟಿನಲ್ಲೂ ಇಂಥ ಸಿಂಪಿಗಳ ಪುಡಿ ಇದ್ದೀತು. ಅಲ್ಲಿನ ಸಿಮೆಂಟು ಕಾರ್ಖಾನೆಗಳಿಗೆ ಬೇಕಾದದ್ದು ಈ ಸುಣ್ಣಕಲ್ಲೇ.

ಕ್ವಾರಿ ವಿಷಯಕ್ಕೆ ಬಂದೆ. ಸಿಂಪಿ ಚೆನ್ನಾಗಿ ಕಾಣುವುದು ಕ್ವಾರಿಯಲ್ಲೇ, ಒಪ್ಪುತ್ತೇನೆ. ಆದರೆ ಮಗಳನ್ನು ಕರೆದುಕೊಂಡು ಹೋಗಬೇಡಿ. ನಡೆಯುತ್ತಿರುವ ಗಣಿಗೆ ಮ್ಯಾನೇಜರ್ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಸಿಡಿತಕ್ಕೆ ಹೊತ್ತು ಗೊತ್ತು ಇರುತ್ತದೆ, ಅದು ನಿಮಗೆ ಗೊತ್ತಿರುವುದಿಲ್ಲ. ಬಿಟ್ಟ ಗಣಿ ಇನ್ನೂ ಕೆಟ್ಟದ್ದು. ನೆಟ್ಟಗೆ ನಿಂತ ಗೋಡೆ, ಕೆಳಗೆ ಆಳ ಗೊತ್ತಿಲ್ಲದ ಹಸಿರು ನೀರು. ಒಮ್ಮೆ ನಾನು ಗೋಡೆಗೆ ಬೆನ್ನು ಹಾಕಿ ಹುಡುಗರಿಗೆ ಪಾಠ ಮಾಡುತ್ತಾ ನಿಂತಿದ್ದೆ. ಮೂರು ಹೆಜ್ಜೆ ಪಕ್ಕಕ್ಕೆ ತೆಂಗಿನಕಾಯಿ ಗಾತ್ರದ ಕಲ್ಲು ಬಿತ್ತು. ಯಾರೂ ಏನೂ ಮಾಡಿರಲಿಲ್ಲ, ತಾನಾಗೇ ಬಿತ್ತು. ಅವತ್ತಿನಿಂದ ಗೋಡೆಯ ಎತ್ತರದಷ್ಟು ದೂರದಲ್ಲಿ ನಿಂತು ಪಾಠ ಮಾಡುವ ಅಭ್ಯಾಸವಾಯಿತು.

ಆ ಕಡೆ ಹೋದವರು ಸಾತನೂರು ಬಿಡಬೇಡಿ. ಕಲ್ಲಾದ ಮರ ಅಲ್ಲಿದೆ, 18 ಮೀಟರ್ ಉದ್ದ. 1940ರಲ್ಲಿ ಸರ್ವೇಕ್ಷಣೆಯ ಎಂ.ಎಸ್. ಕೃಷ್ಣನ್ ಅದನ್ನು ಗುರುತಿಸಿದರು. ದಡದಲ್ಲಿ ಬೆಳೆದ ಮರ ತೇಲಿಕೊಂಡು ಹೋಗಿ ಸಮುದ್ರದಲ್ಲಿ ಮುಳುಗಿ ಕಲ್ಲಾದದ್ದು. ಅಲ್ಲಿ ಒಂದು ಚೂರನ್ನೂ ಮುಟ್ಟುವ ಹಾಗಿಲ್ಲ, ಕಾವಲಿದೆ, ಬೇಲಿಯಿದೆ. ಅರಿಯಲೂರಿನ ಹತ್ತಿರ ವಾರಣವಾಸಿಯಲ್ಲಿ ಸರ್ಕಾರದ ಫಾಸಿಲ್ ಮ್ಯೂಸಿಯಂ ಇದೆ. ನನ್ನ ಸಲಹೆ ಕೇಳಿದರೆ ಮೊದಲ ದಿನವೇ ಮ್ಯೂಸಿಯಂ ನೋಡಿ, ಮರುದಿನ ಬೆಳಿಗ್ಗೆ ಕಾರೈಗೆ ಹೋಗಿ. ಕಣ್ಣಿಗೆ ಒಂದು ಸಲ ರೂಢಿಯಾದರೆ ನೆಲದ ಮೇಲೆ ತಾನಾಗೇ ಸಿಗುತ್ತದೆ.

ಈಗ ಕಾನೂನು. ‘ಫಾಸಿಲ್ ಮುಟ್ಟಿದರೆ ಜೈಲು’ ಅನ್ನುವುದೂ ತಪ್ಪು, ‘ಬಿದ್ದ ಕಲ್ಲು, ಯಾರು ಕೇಳುತ್ತಾರೆ’ ಅನ್ನುವುದೂ ತಪ್ಪು. ಫಾಸಿಲ್ ಮತ್ತು ಭೂವೈಜ್ಞಾನಿಕ ಮಹತ್ವದ ಜಾಗಗಳ ರಕ್ಷಣೆಗೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ತರಬೇಕೆಂದು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಕರಡು ಮಸೂದೆಯನ್ನಷ್ಟೇ ಹೊರಗಿಟ್ಟಿತ್ತು. ಹಾಗಂತ ಉಳಿದ ಕಾನೂನು ಮಲಗಿಲ್ಲ. ರಕ್ಷಿತ ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಿಂದ ಕಲ್ಲು ತರುವ ಹಾಗಿಲ್ಲ. ಗಣಿ ಪ್ರದೇಶಕ್ಕೆ ಅದರದ್ದೇ ನಿಯಮ. ಖಾಸಗಿ ಹೊಲವಾದರೆ ಮಾಲೀಕರನ್ನು ಕೇಳಬೇಕು. ನಿಮ್ಮ ತೋಟಕ್ಕೆ ಯಾರೋ ಹೊಕ್ಕು ಕಲ್ಲು ಆರಿಸಿದರೆ ನೀವು ಸುಮ್ನಿರುತ್ತೀರಾ? ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆಯಾದ ಕಡೆಯಲ್ಲಂತೂ ಮಾತೇ ಇಲ್ಲ. ನಮ್ಮ ಕಡೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನ ಆಕಾರದ ಲಾವಾ ಕಲ್ಲು, ಲಾಲ್‌ಬಾಗಿನ ಬಂಡೆ ಇವೆಲ್ಲ ಆ ಪಟ್ಟಿಯವು. ಬಾಬಾಬುಡನ್‌ಗಿರಿಯ ಪಟ್ಟೆ ಕಲ್ಲು ರಸ್ತೆ ಬದಿಯಲ್ಲಿ ಸಿಕ್ಕಿತು ಅಂದಿರಿ. ಮುಂದಿನ ಸಲ ಕಾಡಿನ ಅಂಚಾದರೆ ಫೋಟೋ ಸಾಕು.

ಕಾರೈಗೆ ಹೋದ ದಿನ ಊರಿನಲ್ಲಿ ಗಾಡಿ ನಿಲ್ಲಿಸಿ, ಯಾಕೆ ಬಂದಿದ್ದೇವೆ ಅಂತ ಹೇಳಿ. ಯಾವ ಜಾಗ ಯಾರದು, ಎಲ್ಲಿ ಈಗ ಬಿಡುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಬೇಡ ಅಂದರೆ ವಾದ ಮಾಡದೆ ನೋಡಿಕೊಂಡು ಬನ್ನಿ. ತೆಗೆದುಕೊಳ್ಳಲು ಬಿಟ್ಟರೂ ನನ್ನದೊಂದು ಕಟ್ಟಳೆ ಇದೆ. ಮಳೆ ಕಿತ್ತು ಹಾಕಿದ್ದನ್ನು ಮಾತ್ರ ಎತ್ತಬೇಕು, ನೆಲದಲ್ಲಿ ಹೂತಿರುವುದನ್ನು ಅಗೆಯಬಾರದು. ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಯುವಷ್ಟು ಸಾಕು. ಅಷ್ಟು ಚೂರಿಗೆ ಯಾವ ಚೆಕ್‌ಪೋಸ್ಟಿನಲ್ಲೂ ನನ್ನನ್ನು ತಡೆದಿಲ್ಲ. ಡಿಕ್ಕಿಯಲ್ಲಿ ಮೂಟೆ ತುಂಬಿಕೊಂಡು ಬಂದರೆ ಕೇಳುತ್ತಾರೆ, ಕೇಳಲೇಬೇಕು. ಮಾರುವ ಯೋಚನೆಯಂತೂ ಬೇಡ. ಮೂಳೆ, ದೊಡ್ಡ ಹಲ್ಲು, ಇಡೀ ಸುರುಳಿ ಕಂಡರೆ ಪಕ್ಕದಲ್ಲಿ ಪೆನ್ನಿಟ್ಟು ಫೋಟೋ ತೆಗೆದು, ಮೊಬೈಲಿನಲ್ಲಿ ಜಾಗ ಗುರುತು ಮಾಡಿ, ಮ್ಯೂಸಿಯಂನವರಿಗೆ ತಿಳಿಸಿ. ಅದು ನಿಮ್ಮ ಮಗಳ ಹೆಸರಿನಲ್ಲಿ ದಾಖಲಾದರೆ ಶೋಕೇಸಿಗಿಂತ ಮೇಲು. ಹಾಗಂತ ಕಂಡದ್ದನ್ನೆಲ್ಲ ಸುದ್ದಿ ಮಾಡಲೂ ಹೋಗಬೇಡಿ. 2020ರಲ್ಲಿ ಪೆರಂಬಲೂರು ಕಡೆ ಕೆರೆಯಲ್ಲಿ ಉಂಡೆ ಕಲ್ಲು ಸಿಕ್ಕಿ, ಡೈನೋಸಾರ್ ಮೊಟ್ಟೆ ಅಂತ ಊರೆಲ್ಲ ಹಬ್ಬಿತು. ತಿಳಿದವರು ಬಂದು ನೋಡಿದರೆ ಅಮೊನೈಟ್ ಸುತ್ತ ಗಟ್ಟಿಗಟ್ಟಿದ ಉಂಡೆಗಳು.

ಸುತ್ತಿಗೆ ಬೇಕಾ ಅಂತ ಕೇಳಿದ್ದೀರಿ. ಕಾರೈಯಲ್ಲಿ ಬೇಡವೇ ಬೇಡ. ಬದಲಿಗೆ ಇದನ್ನು ಒಯ್ಯಿರಿ: ಹಳೇ ನ್ಯೂಸ್‌ಪೇಪರ್, ಮೊಟ್ಟೆ ಟ್ರೇ, ಸಣ್ಣ ಜಿಪ್ ಕವರುಗಳು, ಪೆನ್ಸಿಲ್, ಒಂದು ನೋಟ್‌ಬುಕ್. ಪ್ರತಿ ತುಂಡಿಗೂ ಒಂದು ನಂಬರು, ಸಿಕ್ಕ ಜಾಗ, ತಾರೀಕು, ಮಣ್ಣಿನ ಬಣ್ಣ. ಇದನ್ನು ಸಂಜೆ ಲಾಡ್ಜಿನಲ್ಲಿ ಬರೆದರಾಯಿತು ಅನ್ನಬೇಡಿ. ನಾನು ಹೀಗೆ ಅಂದುಕೊಂಡೇ ಕೆಟ್ಟೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ದಿನ ಬಿಸಿಲಲ್ಲಿ ಸುತ್ತಿ ಒಳ್ಳೊಳ್ಳೆಯ ತುಂಡು ಕೂಡಿಸಿದ್ದೆ. ಚೀಟಿಗಳನ್ನು ಇಂಕ್ ಪೆನ್ನಿನಲ್ಲಿ ಬರೆದಿದ್ದೆ. ವಾಪಸು ಬರುವಾಗ ಬಸ್ಸಿನ ಮೇಲಿದ್ದ ಚೀಲ ಮಳೆಗೆ ನೆನೆಯಿತು. ಹಾಸನದಲ್ಲಿ ಬಿಚ್ಚಿ ನೋಡಿದರೆ ನೀಲಿ ಕಾಗದದ ಮುದ್ದೆ. ಯಾವುದು ಯಾವ ಪದರದ್ದು ಹೇಳುವ ಹಾಗಿಲ್ಲ. ಜಾಗ ಗೊತ್ತಿಲ್ಲದ ಅಮೊನೈಟ್ ನೋಡಲು ಚೆಂದ, ಅಷ್ಟೇ. ಅದು ಎಷ್ಟು ಹಳೆಯದು, ಅದರ ಜೊತೆ ಇನ್ನೇನು ಬದುಕಿತ್ತು, ನೀರು ಆಳ ಇತ್ತಾ, ಯಾವುದಕ್ಕೂ ಅದು ಬಾಯಿ ಬಿಡುವುದಿಲ್ಲ. ಅದರಲ್ಲಿ ಒಂದು ಇವತ್ತಿಗೂ ನಮ್ಮ ಮನೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಕೂತಿದೆ. ಪೆನ್ಸಿಲ್ ಅಂದದ್ದು ಅದಕ್ಕೇ, ನೀರಿಗೆ ಅಳಿಸುವುದಿಲ್ಲ.

ಕಾಲದ ಲೆಕ್ಕ. ಅಕ್ಟೋಬರಿನಿಂದ ಡಿಸೆಂಬರ್ ಅಲ್ಲಿ ಮಳೆಗಾಲ. ಆಗ ಕಾರೈ ಜೇಡಿ ಸೋಪಿನ ಥರ ಜಾರುತ್ತದೆ, ದಸರಾ ರಜೆಗೆ ಹೋಗುವುದು ವ್ಯರ್ಥ. ಏಪ್ರಿಲ್, ಮೇ ಬಿಸಿಲನ್ನು ಮಲೆನಾಡಿನ ಮಕ್ಕಳು ತಡೆಯುವುದಿಲ್ಲ, ಅಲ್ಲಿ ನೆರಳೇ ಇಲ್ಲ. ಮಳೆ ತೊಳೆದು ಹೊಸ ತುಂಡುಗಳನ್ನು ಹೊರಹಾಕಿದ ಮೇಲಿನ ಜನವರಿ, ಫೆಬ್ರವರಿ ಸರಿಯಾದ ಹೊತ್ತು. ನಿಮಗೆ ಆಗ ರೊಬಸ್ಟಾ ಕೊಯ್ಲು, ಆಳು ಸಿಕ್ಕ ದಿನ ತೋಟ ಬಿಡುವುದು ಕಷ್ಟ, ಗೊತ್ತು. ಸಂಕ್ರಾಂತಿಗೆ ಅಲ್ಲಿ ಪೊಂಗಲ್, ಎಲ್ಲ ಬಾಗಿಲು ಹಾಕಿರುತ್ತದೆ. ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಮೂರು ದಿನ ಹೊಂದಿಸಿಕೊಳ್ಳಿ. ಒಂದೇ ದಿನಕ್ಕೆ 600 ಕಿ.ಮೀ. ಓಡಿಸಬೇಡಿ, ಸೇಲಂನಲ್ಲಿ ರಾತ್ರಿ ಕಳೆಯಿರಿ. ಕಾರೈಯಲ್ಲಿ ಬೆಳಿಗ್ಗೆ ಏಳರಿಂದ ಹತ್ತೂವರೆ, ಅಷ್ಟೇ. ಟೋಪಿ, ಬೂಟು, ತಲೆಗೆ ಎರಡು ಲೀಟರ್ ನೀರು. ಕೊರಕಲಿನೊಳಗೆ ಕೈ ತೂರಿಸಬೇಡಿ, ಹಾವು ಚೇಳು ಇರುತ್ತವೆ. ಎಲ್ಲ ಕೊರಕಲೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಮಗಳು ಕಣ್ಣಳತೆಯಲ್ಲೇ ಇರಲಿ.

ತಂದ ಮೇಲೆ ತೊಳೆಯುವ ಉತ್ಸಾಹ ಬರುತ್ತದೆ. ದಯವಿಟ್ಟು ಹುಣಸೆಹಣ್ಣು, ನಿಂಬೆಹಣ್ಣು, ವಿನಿಗರ್ ಹತ್ತಿರ ತರಬೇಡಿ. ಸುಣ್ಣದ ಚಿಪ್ಪನ್ನು ಹುಳಿ ತಿನ್ನುತ್ತದೆ. ನನ್ನ ತಾಯಿ ಒಮ್ಮೆ ಮೇಜಿನ ಮೇಲಿದ್ದ ಸಿಂಪಿಯನ್ನು, ಕೊಳೆಯಾಗಿದೆಯಲ್ಲ ಅಂತ, ಪೂಜೆ ಪಾತ್ರೆಗಳ ಜೊತೆ ರಾತ್ರಿ ಹುಣಸೆ ನೀರಿನಲ್ಲಿ ನೆನೆಹಾಕಿದ್ದರು. ಬೆಳಿಗ್ಗೆ ಪಾತ್ರೆ ಫಳಫಳ, ಸಿಂಪಿಯ ಗೆರೆಗಳೆಲ್ಲ ಮಾಯ. ಒಣ ಟೂತ್‌ಬ್ರಷ್ ಸಾಕು. ಕಾರೈಯ ಜೇಡಿ ಅಂಟಿದ ತುಂಡಿಗೆ ನೀರೂ ಬೇಡ, ಕೆಲವು ನೆನೆದರೆ ಬಿರಿಯುತ್ತವೆ. ವಾರ್ನಿಷ್ ಬಳಿಯಬೇಡಿ. ನಂಬರು ಹಾಕಲು ಒಂದು ಮೂಲೆಯಲ್ಲಿ ಸ್ವಲ್ಪ ವೈಟ್ನರ್ ಹಚ್ಚಿ, ಒಣಗಿದ ಮೇಲೆ ಸಣ್ಣಗೆ ಬರೆಯಿರಿ.

ಕೊಳ್ಳುವುದರ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ಮಡಗಾಸ್ಕರಿನಿಂದ ಬರುವ, ಎರಡು ಹೋಳು ಮಾಡಿ ಪಾಲಿಶ್ ಹಾಕಿದ ಅಮೊನೈಟ್ ಸಾಮಾನ್ಯವಾಗಿ ಅಸಲಿ. ಒಳಗಿನ ಕೋಣೆ ಕೋಣೆಯ ರಚನೆ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊರಾಕೊದ ಟ್ರೈಲೊಬೈಟ್ ಅನ್ನುವ ಹಳೇ ಸಮುದ್ರಜೀವಿಯ ಫಾಸಿಲ್ ಮಾತ್ರ ಹುಷಾರು. ಅಂಟಿನಲ್ಲಿ ಅಚ್ಚು ಹುಯ್ದವು, ಮೂರರ ಚೂರು ಸೇರಿಸಿ ಒಂದು ಮಾಡಿದವು ಬೇಕಾದಷ್ಟಿವೆ. ಭೂತಗನ್ನಡಿಯಲ್ಲಿ ಸಣ್ಣ ಗುಳ್ಳೆಯ ತೂತು ಕಂಡರೆ ಅನುಮಾನ ಪಡಿ. ಕಾಸಿದ ಸೂಜಿ ತಾಗಿಸಿದಾಗ ಪ್ಲಾಸ್ಟಿಕ್ ವಾಸನೆ ಬಂದರೆ ಅನುಮಾನವೂ ಬೇಡ. ಅಷ್ಟು ದೂರ ಯಾಕೆ, ಮಲ್ಪೆ ಬೀಚಿಗೆ ಹೋದರಾಗದೇ ಅಂದರೆ, ಅಲ್ಲಿರುವುದು ಈಗಿನ ಚಿಪ್ಪು. ಹವಳದ ತುಂಡು ಮತ್ತು ಕೆಲವು ದೊಡ್ಡ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಎತ್ತಿಕೊಳ್ಳುವ ಹಾಗಿಲ್ಲ.

ನಿಮ್ಮ ಅಮ್ಮನವರ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದೊಳಗಿನ ಚಕ್ರ ಅಮೊನೈಟಿನ ಗುರುತೇ. ವಜ್ರಕೀಟ ಕೊರೆದದ್ದು ಅಂತ ಹಿರಿಯರು ಹೇಳುತ್ತಾರೆ. ಭೂವಿಜ್ಞಾನದ ಪ್ರಕಾರ ಪ್ರಾಣಿ ಕೊರೆದದ್ದಲ್ಲ, ಪ್ರಾಣಿಯ ಮನೆಯೇ ಒಳಗೆ ಸಿಕ್ಕಿಕೊಂಡದ್ದು. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಟೆಥಿಸ್ ಸಮುದ್ರದ ಕಪ್ಪು ಕೆಸರು ಅದು, ಅರಿಯಲೂರಿನ ಸಮುದ್ರಕ್ಕಿಂತ ಹಳೆಯದು. ಅಂದಮೇಲೆ ಅರಿಯಲೂರಿನ ಸುರುಳಿ ಗಂಡಕಿಯದಲ್ಲ, ಶಾಸ್ತ್ರದ ಕಟ್ಟುಪಾಡು ಇದಕ್ಕೆ ಅನ್ವಯಿಸುವುದಿಲ್ಲ ಅಂತ ನೀವು ಹೇಳಿ ನೋಡಬಹುದು. ಒಪ್ಪುವುದು ಬಿಡುವುದು ಅವರದು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಸಾಲಿಗ್ರಾಮ ದೇವರ ಮನೆಯಲ್ಲಿದೆ, ಅರಿಯಲೂರಿನದು ಪುಸ್ತಕದ ಕಪಾಟಿನಲ್ಲಿದೆ. ಎರಡಕ್ಕೂ ಜಗಳವಾಗಿಲ್ಲ.

ಪತ್ರದ ಕೆಳಗೆ ನಿಮ್ಮ ಮಗಳು ತನ್ನ ಕೈಬರಹದಲ್ಲಿ ಒಂದು ಪ್ರಶ್ನೆ ಸೇರಿಸಿದ್ದಾಳೆ: ‘ಫಾಸಿಲ್ ಶಂಖ ಕಿವಿಗೆ ಇಟ್ಟರೆ ಸಮುದ್ರದ ಸದ್ದು ಕೇಳುತ್ತಾ ತಾತ?’ ಕೇಳಲ್ಲ ಪುಟ್ಟಿ. ಒಳಗೆ ಖಾಲಿ ಇದ್ದರೆ ತಾನೇ ಸದ್ದು? ಅದರೊಳಗೆಲ್ಲ ಆ ಸಮುದ್ರದ ಕೆಸರೇ ತುಂಬಿಕೊಂಡಿದೆ. ನಾನೂ ಇಟ್ಟುಕೊಂಡು ನೋಡಿದ್ದೆ, ಹುಡುಗರು ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು. ಕಿವಿಗೆಲ್ಲ ಜೇಡಿಮಣ್ಣು ಮೆತ್ತಿತು.